ತೂಕ, ವಯಸ್ಸು, ವಂಶ

ತಕ್ಕಡಿಯು ಒಂದು ಕೋಳಿಯ ವಿಷಯದಲ್ಲಿ ನಮಗೆ ತಿಳಿಸಬಲ್ಲ ಸಂಗತಿ ಒಂದೇ: ಈ ಕ್ಷಣದಲ್ಲಿ ಅದು ಎಷ್ಟು ಭಾರವಿದೆ ಎಂಬುದು. ಆ ಭಾರವನ್ನು ಅದು ಎಷ್ಟು ದಿನಗಳಲ್ಲಿ ಗಳಿಸಿತು, ಏನನ್ನು ತಿಂದು ಗಳಿಸಿತು, ಹಾಗೆ ಗಳಿಸುವ ಶಕ್ತಿಯನ್ನು ಯಾವ ತಂದೆತಾಯಿಗಳಿಂದ ಪಡೆಯಿತು ಎಂಬ ಪ್ರಶ್ನೆಗಳಿಗೆ ತಕ್ಕಡಿಯಲ್ಲಿ ಉತ್ತರವಿಲ್ಲ. ಆದರೂ ವೈಟ್‌ಫೀಲ್ಡಿನಿಂದ ವರ್ತೂರು, ಸರ್ಜಾಪುರಗಳನ್ನು ಬಳಸಿ ಎಲೆಕ್ಟ್ರಾನಿಕ್ ಸಿಟಿ, ಜಿಗಣಿಗಳವರೆಗೂ, ಬೆಂಗಳೂರು ನಗರದ ಇನ್ನೊಂದು ಮಗ್ಗುಲಿನಲ್ಲಿ ಪೀಣ್ಯವನ್ನು ದಾಟಿ ನೆಲಮಂಗಲದ ಕಡೆಗೂ ಹಬ್ಬಿರುವ ಈ ಹೊಸ ಊರುಗಳಲ್ಲಿ, ಭಾನುವಾರದ ಬೆಳಗ್ಗೆ ನಾಟಿ ಕೋಳಿಯ ಅಂಗಡಿಯ ಮುಂದೆ ನಿಂತವರು ಕೇಳುವುದು ಕಿಲೋಗೆ ಎಷ್ಟೆಂಬ ಮಾತನ್ನು ಮಾತ್ರ. ಅಂಗಡಿಯವನ ಪಂಜರದಲ್ಲಿ ಹಿತ್ತಿಲಲ್ಲಿ ಆರು ತಿಂಗಳು ಕೆದಕಿ ತಿಂದು ಬೆಳೆದ ಹುಂಜವೂ ಇರಬಹುದು, ಹೆಬ್ಬಾಳದ ಪಶುವೈದ್ಯ ಕಾಲೇಜಿನ ವಿಜ್ಞಾನಿಗಳು ಬೆಳೆಸಿದ ಮಿಶ್ರತಳಿಯ ಹಕ್ಕಿಯೂ ಇರಬಹುದು, ಶೆಡ್ಡಿನಲ್ಲಿ ಎರಡೂವರೆ ತಿಂಗಳು ಮೂಟೆಯ ಮೇವು ತಿಂದ ಬಣ್ಣದ ಪುಕ್ಕದ ಮಾಂಸದ ಕೋಳಿಯೂ ಇರಬಹುದು. ಮೂರಕ್ಕೂ ನಾಟಿಯೆಂಬ ಹೆಸರು, ಮೂರಕ್ಕೂ ಅದೇ ತಕ್ಕಡಿ. ಈ ಅಧ್ಯಾಯದಲ್ಲಿ ನಾನು ವಿವರಿಸಬೇಕೆಂದಿರುವುದು, ತೂಕವನ್ನು ವಯಸ್ಸಿನೊಡನೆಯೂ ವಂಶದೊಡನೆಯೂ ಸೇರಿಸಿ ಓದಿದಾಗ ಅದು ಎಷ್ಟೊಂದು ಹೇಳಬಲ್ಲುದೆಂಬುದನ್ನು. ಹಾಗೆ ಓದದೆ ಹೋದರೆ ನಮ್ಮ ಸೀಮೆಯ ಕೋಳಿಗಳು ಹೇಗೆ ಕ್ಷೀಣಿಸುತ್ತವೆ ಎಂಬುದನ್ನು.

ಮೊದಲು ವಂಶದ ಮಾತು. ಎಲೆಕ್ಟ್ರಾನಿಕ್ ಸಿಟಿಗೆ ಪಶ್ಚಿಮದಲ್ಲಿ, ಜಿಗಣಿಯ ಕಾರ್ಖಾನೆಗಳಿಗೆ ತೀರ ಸಮೀಪದಲ್ಲಿ ಬನ್ನೇರುಘಟ್ಟದ ಅರಣ್ಯವಿದೆ. ಅಲ್ಲಿಯ ಪೊದೆಗಳಲ್ಲಿ ಬೂದುಬಣ್ಣದ ಕಾಡುಕೋಳಿ ಇಂದಿಗೂ ಜೀವಿಸಿದೆ. ಲೋಕದ ಸಾಕುಕೋಳಿಗಳೆಲ್ಲವೂ ಕೆಂಪು ಕಾಡುಕೋಳಿಯ ಸಂತತಿಯೆಂದು ಡಾರ್ವಿನ್ ಮಹಾಶಯನು 1868ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದನು. ಆ ಮಾತು ಬಹುಮಟ್ಟಿಗೆ ನಿಂತಿದೆ. ಆದರೆ 2008ರಲ್ಲಿ ಸ್ವೀಡನ್ ದೇಶದ ಉಪ್ಸಾಲಾದ ವಿಜ್ಞಾನಿಗಳು ಸಹೋದ್ಯೋಗಿಗಳೊಡನೆ ಕೂಡಿ, ಹಳದಿ ಚರ್ಮದ ಕೋಳಿಗಳಲ್ಲಿ ಆ ಬಣ್ಣಕ್ಕೆ ಕಾರಣವಾದ ಜೀನು ಕೆಂಪು ಕಾಡುಕೋಳಿಯಿಂದ ಬಂದುದಲ್ಲವೆಂದೂ, ಬೂದು ಕಾಡುಕೋಳಿಯ ಕಡೆಯಿಂದ ಸಂಕರದ ಮೂಲಕ ಸೇರಿಕೊಂಡುದೆಂದೂ ತೋರಿಸಿಕೊಟ್ಟರು. ಬೂದು ಕಾಡುಕೋಳಿಯ ವಾಸಸ್ಥಾನ ಭಾರತದ ಪರ್ಯಾಯದ್ವೀಪವೇ. ಸೊಪ್ಪು, ಮುಸುಕಿನ ಜೋಳ ಮೊದಲಾದ ಆಹಾರದ ಮೂಲಕ ದೇಹವನ್ನು ಸೇರುವ ಕ್ಯಾರೊಟಿನಾಯ್ಡ್ ಎಂಬ ವರ್ಣದ್ರವ್ಯಗಳನ್ನು ಚರ್ಮದಲ್ಲಿ ಒಡೆದು ಹಾಕುವ ಒಂದು ಕಿಣ್ವ ಉಂಟು. ಈ ಜೀನಿನ ದೆಸೆಯಿಂದ ಆ ಕಿಣ್ವದ ಕೆಲಸ ಚರ್ಮದಲ್ಲಿ ಕುಗ್ಗಿದಾಗ ಹಳದಿ ಬಣ್ಣ ಉಳಿದುಕೊಳ್ಳುತ್ತದೆ. ಅಮೆರಿಕದ ಅಂಗಡಿಯಲ್ಲಿ ಮಾರುವ ಹಳದಿ ಚರ್ಮದ ಕೋಳಿಯ ಮೈಯಲ್ಲಿ ನಮ್ಮ ಕಾಡಿನ ಹಕ್ಕಿಯ ಒಂದು ಆನುವಂಶಿಕ ಅಕ್ಷರ ಹುದುಗಿದೆ ಎಂಬುದು ನನಗೆ ಈ ಶಾಸ್ತ್ರದ ಅತ್ಯಂತ ಆಹ್ಲಾದಕರವಾದ ಸಂಗತಿಗಳಲ್ಲೊಂದಾಗಿ ತೋರುತ್ತದೆ.

ಫಾರಂ ಕೋಳಿಯೆಂದು ನಾವು ಪರಕೀಯವಾಗಿ ಕಾಣುವ ಬಿಳಿಯ ಬ್ರಾಯ್ಲರ್ ಹಕ್ಕಿಗೂ ಭಾರತದ ಋಣ ಉಂಟು. ಅದರ ತಂದೆಯ ಕಡೆಯ ಕಾರ್ನಿಷ್ ತಳಿಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದಲ್ಲಿ ಬೆಳೆಸಿದವರು ಭಾರತದಿಂದ ಹೋದ ಅಸೀಲ್ ಎಂಬ ಕಾಳಗದ ಕೋಳಿಯನ್ನು ಬಳಸಿದರು. ಅದರ ವಿಶಾಲವಾದ ಎದೆಯೇ ಇಂದಿನ ಮಾಂಸೋದ್ಯಮದ ಅಡಿಗಲ್ಲು. ತಾಯಿಯ ಕಡೆಯದು ಅಮೆರಿಕದ ಬಿಳಿಯ ಪ್ಲಿಮತ್ ರಾಕ್. ಈ ಸಂಕರದ ಮೇಲೆ ಆಯ್ಕೆಯ ಒತ್ತಡ ಎಷ್ಟು ತೀವ್ರವಾಗಿ ಬಿದ್ದಿತೆಂಬುದನ್ನು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾನಿಲಯದವರು 2014ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಿಂದ ತಿಳಿಯಬಹುದು. 1957ರ ಮತ್ತು 1978ರ ಮಾಂಸದ ಕೋಳಿಗಳ ವಂಶಗಳನ್ನು ಅವರು ಆಯ್ಕೆಗೆ ಒಳಪಡಿಸದೆ ಹಾಗೆಯೇ ಕಾಪಾಡಿಕೊಂಡು ಬಂದಿದ್ದರು. ಅವನ್ನೂ 2005ರ ಬ್ರಾಯ್ಲರನ್ನೂ ಒಟ್ಟಿಗೆ ಒಂದೇ ಮೇವಿನಿಂದ ಸಾಕಿ 56ನೆಯ ದಿನ ತೂಗಿದಾಗ, ಮೊದಲನೆಯದು 905 ಗ್ರಾಂ, ಎರಡನೆಯದು 1,808 ಗ್ರಾಂ, ಮೂರನೆಯದು 4,202 ಗ್ರಾಂ ತೂಗಿದವು. ಮೇವು ಒಂದೇ ಆಗಿದ್ದುದರಿಂದ ಈ ಅಂತರವೆಲ್ಲವೂ ವಂಶದ್ದೆಂದೇ ತಿಳಿಯತಕ್ಕದ್ದು.

ನಮ್ಮಲ್ಲಿ ಹಿತ್ತಿಲಿನ ನಾಟಿ ಕೋಳಿ, ಬ್ರಾಯ್ಲರ್ ಎಂಬ ಎರಡು ಧ್ರುವಗಳ ನಡುವೆ ಒಂದು ಮಧ್ಯಮಮಾರ್ಗವನ್ನು ಹುಡುಕಿದವರು ಹೆಬ್ಬಾಳದ ಕೋಳಿಶಾಸ್ತ್ರ ವಿಭಾಗದವರು. ಪಶುವೈದ್ಯ ಕಾಲೇಜು ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಕಾಲದಲ್ಲಿ, 1980ರ ದಶಕದ ಕೊನೆಯ ಹೊತ್ತಿಗೆ, ಅಲ್ಲಿಂದ ಗಿರಿರಾಜ ಹೊರಬಂದಿತು. ಹಳ್ಳಿಯ ಹಿತ್ತಿಲಿನಲ್ಲಿ ಬದುಕಬಲ್ಲ, ಬಹುವರ್ಣದ ಪುಕ್ಕವುಳ್ಳ, ವರ್ಷಕ್ಕೆ 130ರಿಂದ 150 ಮೊಟ್ಟೆಗಳನ್ನಿಡುವ ಈ ಹಕ್ಕಿ ಮಾಂಸಕ್ಕೂ ಒದಗುತ್ತದೆ. 2005ರಲ್ಲಿ ಬಂದ ಸ್ವರ್ಣಧಾರಾ ಅದಕ್ಕಿಂತ ವರ್ಷಕ್ಕೆ ಹದಿನೈದು ಇಪ್ಪತ್ತು ಮೊಟ್ಟೆ ಹೆಚ್ಚಾಗಿ ಇಡುತ್ತದೆ. 22-23 ವಾರಗಳಲ್ಲಿ ಅದರ ಹೇಂಟೆ ಸುಮಾರು 3 ಕಿಲೋ, ಹುಂಜ ಸುಮಾರು 4 ಕಿಲೋ ತೂಗುತ್ತವೆ. ಪೀಣ್ಯಕ್ಕೆ ಉತ್ತರದ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಕುಕ್ಕುಟ ಅಭಿವೃದ್ಧಿ ಸಂಸ್ಥೆಯೂ ಇದೆ; ಹಿತ್ತಿಲ ಸಾಕಣೆಗೆ ಅದು ಕೊಟ್ಟ ತಳಿಯ ಹೆಸರು ಕಾವೇರಿ. ಇವೆಲ್ಲವೂ ಶ್ಲಾಘ್ಯವಾದ ಕಾರ್ಯಗಳು. ಆದರೆ ಕೊಳ್ಳುವ ರೈತನು ಒಂದು ಸಂಗತಿಯನ್ನು ಅರಿತಿರಬೇಕು: ಮಿಶ್ರತಳಿಯ ಪುಷ್ಟಿ ಮೊದಲ ಪೀಳಿಗೆಯಲ್ಲಿ ಪೂರ್ಣವಾಗಿ ಪ್ರಕಟವಾಗುತ್ತದೆ, ಅವುಗಳ ಮೊಟ್ಟೆಯನ್ನೇ ಕಾವಿಗಿಟ್ಟು ಮರಿ ಮಾಡಿಸಿದರೆ, ಬೆರೆತಿದ್ದ ಗುಣಗಳು ಬೇರ್ಪಟ್ಟು, ಒಂದೇ ತಾಯಿಯ ಮರಿಗಳಲ್ಲಿ ಕೆಲವು ದೊಡ್ಡವು, ಹಲವು ಚಿಕ್ಕವು ಆಗುತ್ತವೆ.

ಇವುಗಳಿಂದ ಭಿನ್ನವಾಗಿ, ನಮ್ಮ ಸೀಮೆಗೇ ಸಲ್ಲುವ ಒಂದು ಹಳೆಯ ತಳಿ ಇದೆ. ಕರ್ನಾಲಿನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆಯು ಭಾರತದ ದೇಶೀಯ ಕೋಳಿತಳಿಗಳ ಪಟ್ಟಿಯಲ್ಲಿ ಘಾಗಸ್ ಎಂಬ ಹೆಸರಿನಿಂದ ಅದನ್ನು ಆಂಧ್ರಪ್ರದೇಶ ಮತ್ತು ಕರ್ನಾಟಕಗಳ ತಳಿಯೆಂದು ನೋಂದಾಯಿಸಿದೆ. ಚಿತ್ತೂರು, ಕೋಲಾರಗಳ ಪ್ರದೇಶ ಅದರ ತವರು. ವೈಟ್‌ಫೀಲ್ಡಿನ ಮುಂದೆ ಹೊಸಕೋಟೆಯನ್ನು ದಾಟಿದರೆ ಆ ತವರಿನ ಬಾಗಿಲು. ಗಟ್ಟಿಮುಟ್ಟಾದ ಮೈ, ಉದ್ದವಾದ ಕಾಲು, ಕಾಳಗಕ್ಕೂ ಒದಗುವ ಧೈರ್ಯ, ತಾನೇ ಕಾವಿಗೆ ಕುಳಿತು ಮರಿ ಮಾಡುವ ಮಾತೃಗುಣ ಇದರ ಲಕ್ಷಣಗಳು. ಈ ಕಾವಿನ ಗುಣವು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನಿನ ಅಧೀನ. ಮೊಟ್ಟೆಯ ಸಂಖ್ಯೆಗಾಗಿ ಆಯ್ದ ತಳಿಗಳಲ್ಲಿ ಇದು ಬಹುಮಟ್ಟಿಗೆ ಅಳಿದುಹೋಗಿದೆ, ಏಕೆಂದರೆ ಕಾವಿಗೆ ಕುಳಿತ ಹೇಂಟೆ ಮೊಟ್ಟೆಯಿಡುವುದನ್ನು ನಿಲ್ಲಿಸುತ್ತದೆ. ಹತ್ತು ಹದಿನೈದು ಮೊಟ್ಟೆಯಿಟ್ಟು, 21 ದಿನ ಕಾವು ಕೊಟ್ಟು, ಮರಿಗಳನ್ನು ಗಿಡುಗನಿಂದಲೂ ಮುಂಗುಸಿಯಿಂದಲೂ ಕಾಯುವ ನಾಟಿ ಹೇಂಟೆಯನ್ನು ಅಲ್ಪಫಲವೆಂದು ಬಗೆಯುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ. ಮರಿ ಮಾಡುವ ಯಂತ್ರವನ್ನೂ ವಿದ್ಯುತ್ತನ್ನೂ ಬೇಡದ ಹಕ್ಕಿ ಅದು.

ಇನ್ನು ತೂಕದ ವಿಚಾರ. ಮೊಟ್ಟೆಯಿಂದ ಹೊರಬಿದ್ದ ಮರಿಯ ತೂಕ ಆ ಮೊಟ್ಟೆಯ ತೂಕದ ಸುಮಾರು ಮೂರರಲ್ಲಿ ಎರಡು ಭಾಗ. ನಾಟಿ ಮರಿಯದು ಹೆಚ್ಚು ಕಡಿಮೆ 30 ಗ್ರಾಂ. ಅಲ್ಲಿಂದ ಮುಂದೆ ವಾರಕ್ಕೊಮ್ಮೆ ತೂಗಿ, ಅಡ್ಡಗೆರೆಯ ಮೇಲೆ ವಾರಗಳನ್ನೂ ನಿಲುಗೆರೆಯ ಮೇಲೆ ಗ್ರಾಂಗಳನ್ನೂ ಗುರುತಿಸಿದರೆ, ಮೊದಲು ಮೆಲ್ಲಗೆ ಏರಿ, ನಡುವೆ ಕಡಿದಾಗಿ ಏರಿ, ಕೊನೆಗೆ ಸಮತಲಕ್ಕೆ ಬಾಗುವ ಒಂದು ವಕ್ರರೇಖೆ ಮೂಡುತ್ತದೆ. ಬೆಂಜಮಿನ್ ಗೊಂಪರ್ಟ್ಸ್ ಎಂಬ ಗಣಿತಜ್ಞನು 1825ರಲ್ಲಿ ಮನುಷ್ಯರ ಮರಣಪ್ರಮಾಣವನ್ನು ಲೆಕ್ಕಹಾಕಲು ರಚಿಸಿದ ಸೂತ್ರವೇ ಕೋಳಿಯ ಬೆಳವಣಿಗೆಗೂ ಸೊಗಸಾಗಿ ಹೊಂದಿಕೊಳ್ಳುತ್ತದೆ. ಆ ಸೂತ್ರದ ಪ್ರಕಾರ, ದಿನಕ್ಕೆ ಗಳಿಸುವ ತೂಕವು ಅತ್ಯಧಿಕವಾಗುವುದು ಪೂರ್ಣ ಪ್ರೌಢ ತೂಕದ ನೂರರಲ್ಲಿ 37ರಷ್ಟನ್ನು ಮುಟ್ಟಿದಾಗ. ಪ್ರೌಢಾವಸ್ಥೆಯಲ್ಲಿ 2,400 ಗ್ರಾಂ ತೂಗುವ ಹುಂಜವೆಂದಿಟ್ಟುಕೊಂಡರೆ, ಸುಮಾರು 880 ಗ್ರಾಂ ಆದಂದು ಅದರ ವೇಗ ಶಿಖರಕ್ಕೇರಿ, ಅಂದಿನಿಂದ ಪ್ರತಿದಿನದ ಗಳಿಕೆ ಇಳಿಮುಖವಾಗುತ್ತದೆ.

ಗಳಿಕೆ ಇಳಿಯುತ್ತಿರುವಾಗ ಖರ್ಚು ಮಾತ್ರ ಏರುತ್ತಲೇ ಇರುತ್ತದೆ. ಪ್ರಾಣಿಯ ದೇಹ ತನ್ನನ್ನು ತಾನು ಬೆಚ್ಚಗಿಟ್ಟುಕೊಂಡು ಬದುಕಲು ವ್ಯಯಿಸುವ ಶಕ್ತಿಯು ತೂಕದ ಮುಕ್ಕಾಲು ಘಾತಕ್ಕೆ ಅನುಗುಣವಾಗಿರುತ್ತದೆಂದು ಮ್ಯಾಕ್ಸ್ ಕ್ಲೈಬರ್ 1932ರಲ್ಲಿ ತೋರಿಸಿದನು. ತೂಕ ಇಮ್ಮಡಿಯಾದಾಗ ಈ ನಿರ್ವಹಣೆಯ ವೆಚ್ಚ ಸುಮಾರು 1.7 ಪಟ್ಟಾಗುತ್ತದೆ. ಆದುದರಿಂದ ಮೇವನ್ನು ಕೊಂಡು ಹಾಕುವವನಿಗೆ ಒಂದು ಹಂತದ ಮುಂದೆ ಪ್ರತಿ ಗ್ರಾಂ ಮಾಂಸವೂ ದುಬಾರಿ. ಬ್ರಾಯ್ಲರಿನವರು ಐದಾರು ವಾರಗಳಲ್ಲೇ ಹಕ್ಕಿಯನ್ನು ಮಾರಿಬಿಡುವುದರ ಮರ್ಮ ಇಲ್ಲಿದೆ: ಕಡಿದಾದ ಏರು ಇನ್ನೂ ಮುಗಿಯದಿರುವಾಗಲೇ, ಎರಡು ಕಿಲೋಗೂ ಕಡಿಮೆ ಮೇವಿಗೆ ಒಂದು ಕಿಲೋ ತೂಕ ದೊರಕುತ್ತಿರುವಾಗಲೇ, ಅವರ ಲೆಕ್ಕ ಮುಕ್ತಾಯವಾಗುತ್ತದೆ. ನಾಟಿ ಕೋಳಿಯನ್ನು ಪೂರ್ತಿಯಾಗಿ ಮೂಟೆಯ ಮೇವಿನಿಂದಲೇ ಸಾಕಿದರೆ ಅದರ ಇಮ್ಮಡಿಗೂ ಹೆಚ್ಚು ಮೇವು ಹಿಡಿಯುತ್ತದೆ; ಗೆದ್ದಲು, ಹುಳು, ಉದುರಿದ ರಾಗಿ, ಸೊಪ್ಪುಗಳನ್ನು ತಾನಾಗಿ ಆಯ್ದು ತಿಂದಾಗ ಮಾತ್ರವೇ ಅದರ ಸಾಕಣೆ ಗಿಟ್ಟುತ್ತದೆ.

ಆದರೆ ರುಚಿಯ ರೇಖೆ ಬೇರೆ. ಓಡಾಡಿದ ಕಾಲಿನ ಸ್ನಾಯುವಿನಲ್ಲಿ ಆಮ್ಲಜನಕವನ್ನು ಹಿಡಿದಿಡುವ ಮಯೋಗ್ಲೋಬಿನ್ ಎಂಬ ಕೆಂಪು ದ್ರವ್ಯ ದಿನೇ ದಿನೇ ಹೆಚ್ಚುತ್ತದೆ. ಸ್ನಾಯುಗಳನ್ನು ಕಟ್ಟಿಹಿಡಿಯುವ ಕೊಲಾಜನ್ ತಂತುಗಳು ವಯಸ್ಸಾದಂತೆ ಒಂದಕ್ಕೊಂದು ಅಡ್ಡಬೆಸುಗೆಗೊಂಡು ಬಲಿಯುತ್ತವೆ. ಅವು ಕರಗಿ ಜಿಲಾಟಿನ್ ಆಗಬೇಕಾದರೆ ದೀರ್ಘಕಾಲದ ಬೇಯುವಿಕೆ ಬೇಕು. ರಾಗಿಮುದ್ದೆಯ ಜೊತೆಗೆ ಬಡಿಸುವ ನಾಟಿ ಕೋಳಿಯ ಸಾರಿಗೆ ಆ ಮೈಕಟ್ಟು ಬರುವುದು ಈ ಜಿಲಾಟಿನ್ನಿನಿಂದಲೇ. ನಲವತ್ತು ದಿನದ ಹಕ್ಕಿಯಲ್ಲಿ ಕರಗಲು ಬಲಿತ ಕೊಲಾಜನ್ನೇ ಇಲ್ಲ. ಅದನ್ನು ಹೆಚ್ಚು ಬೇಯಿಸಿದರೆ ಮಾಂಸ ಎಳೆಯೆಳೆಯಾಗಿ ಬಿಡುತ್ತದೆ, ಸಾರು ತೆಳ್ಳಗೇ ಉಳಿಯುತ್ತದೆ. ಮಿತವ್ಯಯದ ರೇಖೆ ಬೇಗ ಮಾರೆನ್ನುತ್ತದೆ, ರುಚಿಯ ರೇಖೆ ತಾಳೆನ್ನುತ್ತದೆ. ಐದಾರು ತಿಂಗಳ ಹುಂಜವನ್ನು ನಮ್ಮ ಹಿರಿಯರು ಆರಿಸಿಕೊಂಡುದು ಈ ಎರಡರ ನಡುವಣ ಒಡಂಬಡಿಕೆ. ಈ ತಾಳ್ಮೆಗೆ ಬೆಲೆ ಕೊಡಬೇಕಾದವನು ಕೊಳ್ಳುವವನು. ಅವನು ವಯಸ್ಸನ್ನು ಕೇಳದೆ ತೂಕಕ್ಕೆ ಮಾತ್ರ ಹಣ ಕೊಟ್ಟರೆ, ಎರಡೂವರೆ ತಿಂಗಳಲ್ಲಿ ಅದೇ ತೂಕವನ್ನು ಕೊಡುವ ಬಣ್ಣದ ಕೋಳಿಯ ಮುಂದೆ ಹಿತ್ತಿಲಿನ ಹುಂಜ ಯಾವ ಬಲದಿಂದ ನಿಂತೀತು?

ತೂಗುವ ಕ್ರಮವನ್ನು ಕುರಿತು ಕೆಲವು ಮಾತು ಅವಶ್ಯ, ಏಕೆಂದರೆ ತಪ್ಪಾಗಿ ತೂಗಿದ ಅಂಕಿಗಳಿಂದ ಎಳೆದ ರೇಖೆ ಇಲ್ಲದ ಸಂಗತಿಯನ್ನು ಇದೆಯೆಂದು ತೋರಿಸುತ್ತದೆ. ಕೋಳಿಯ ಕೊರಳ ಬುಡದಲ್ಲಿ ತಿಂದ ಕಾಳು ಮೊದಲು ಸಂಗ್ರಹವಾಗುವ ಒಂದು ಚೀಲವಿದೆ. ಸಂಜೆಯ ಹೊತ್ತಿಗೆ ಅದರಲ್ಲಿ ಕಾಳೂ ನೀರೂ ಸೇರಿ ಹಲವು ಹತ್ತು ಗ್ರಾಂ ಇರುತ್ತದೆ. ಸಂತೆಗೆ ಒಯ್ಯುವ ಮುನ್ನ ಹೊಟ್ಟೆಬಿರಿಯೆ ತಿನ್ನಿಸುವ ವಾಡಿಕೆಗೆ ಈ ಚೀಲವೇ ಆಧಾರ. ಆದುದರಿಂದ ಪ್ರತಿ ವಾರವೂ ಗೊತ್ತಾದ ಒಂದೇ ದಿನ, ನಸುಕಿನಲ್ಲಿ, ಮೇವು ಹಾಕುವ ಮುನ್ನ ತೂಗತಕ್ಕದ್ದು. ಕೋಳಿಗೆ ಇರುಳ ದೃಷ್ಟಿ ಮಂದ. ಬೆಳಕು ಹರಿಯುವ ಮುನ್ನ ಗೂಡಿನಿಂದ ಎತ್ತಿಕೊಂಡರೆ ಒದ್ದಾಡುವುದಿಲ್ಲ. ಕಾಲು ಕಟ್ಟಿ ತಲೆಕೆಳಗಾಗಿ ಕೊಕ್ಕೆಗೆ ನೇತುಹಾಕುವ ಪದ್ಧತಿಯನ್ನು ನಾನು ಖಂಡಿತವಾಗಿ ವಿರೋಧಿಸುತ್ತೇನೆ. ಹಕ್ಕಿಗೆ ನಮ್ಮಂತೆ ಎದೆಗೂ ಹೊಟ್ಟೆಗೂ ನಡುವೆ ಸ್ನಾಯುವಿನ ಪರದೆಯಿಲ್ಲ. ತಲೆಕೆಳಗಾದಾಗ ಕರುಳು, ಯಕೃತ್ತುಗಳ ಭಾರವೆಲ್ಲ ಉಸಿರಿನ ಗಾಳಿಚೀಲಗಳ ಮೇಲೆ ಬೀಳುತ್ತದೆ. ಒಂದು ಬಟ್ಟೆಯ ಚೀಲದಲ್ಲೋ ಬಕೆಟ್ಟಿನಲ್ಲೋ ಕೂರಿಸಿ, ಅದರ ತೂಕವನ್ನು ಕಳೆದರೆ ಕೆಲಸ ಸುಲಭವಾಗಿ ಸಾಗುತ್ತದೆ. ಪ್ರತಿಯೊಂದು ಹಕ್ಕಿಯ ಕಾಲಿಗೂ ಬಣ್ಣದ ಉಂಗುರವಿರಲಿ; ಹುಂಜಗಳ ಸರಾಸರಿಯನ್ನೂ ಹೇಂಟೆಗಳ ಸರಾಸರಿಯನ್ನೂ ಬೇರೆ ಬೇರೆಯಾಗಿ ಬರೆಯಬೇಕು, ಏಕೆಂದರೆ ಒಂದೇ ವಯಸ್ಸಿನಲ್ಲಿ ಹುಂಜ ಗಣನೀಯವಾಗಿ ಭಾರ. ಒಂದು ವಾರ ಸರಾಸರಿ ಏರದೆ ನಿಂತಿತೆಂದರೆ, ಕಣ್ಣಿಗೆ ಇನ್ನೂ ಕಾಣದ ರೋಗವನ್ನೋ ಹೊಟ್ಟೆಯ ಹುಳುವನ್ನೋ ತೂಕ ಬರೆದ ಪುಸ್ತಕ ಮೊದಲೇ ತಿಳಿಸಿಬಿಡುತ್ತದೆ.

ಕೊಯ್ದ ಮೇಲಿನ ತೂಕಕ್ಕೂ ಇದೇ ಎಚ್ಚರ ಬೇಕು. ನಾಟಿ ಕೋಳಿಯ ಪುಕ್ಕವನ್ನು ಕಿತ್ತು, ಬೆಂಕಿಯಲ್ಲಿ ಸುಟ್ಟು, ಅರಿಸಿನ ಹಚ್ಚಿ, ಚರ್ಮಸಹಿತವಾಗಿ ಕತ್ತರಿಸುವುದು ನಮ್ಮ ವಾಡಿಕೆ. ಫಾರಂ ಕೋಳಿಯ ಚರ್ಮವನ್ನು ಸುಲಿದುಬಿಡುವುದೇ ಹೆಚ್ಚು. ಒಂದೂವರೆ ಕಿಲೋ ಜೀವಂತ ತೂಕದ ನಾಟಿ ಹಕ್ಕಿಯಿಂದ ಚರ್ಮ ಸೇರಿ ಒಂದು ಕಿಲೋದಷ್ಟು ಬರುತ್ತದೆ. ಚರ್ಮ ಸೇರಿದ ಲೆಕ್ಕವನ್ನು ಚರ್ಮ ಬಿಟ್ಟ ಲೆಕ್ಕದೊಡನೆ ಹೋಲಿಸಿ ಲಾಭನಷ್ಟವನ್ನು ನಿರ್ಣಯಿಸುವುದು ಸರಿಯಲ್ಲ.

ಮರಿಗಳ ಪೋಷಣೆಯಲ್ಲಿ ಎರಡು ಅಂಶಗಳನ್ನಷ್ಟೇ ಹೇಳಿ ಮುಂದುವರಿಯುತ್ತೇನೆ. ತಾಯಿಯಿಲ್ಲದ ಮರಿಗೆ ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಮುಂದೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬಹುದು. ಕೊಕ್ಕರೆ ರೋಗವೆಂದು ನಮ್ಮವರು ಕರೆಯುವ ರಾಣಿಖೇತ್ ವ್ಯಾಧಿಗೆ ಚಿಕಿತ್ಸೆಯಿಲ್ಲ, ಲಸಿಕೆಯುಂಟು: ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹನಿ, ಎರಡು ತಿಂಗಳ ಹೊತ್ತಿಗೆ ಚುಚ್ಚುಮದ್ದು.

ಕೈಗಾರಿಕಾ ಪ್ರದೇಶದಲ್ಲಿ ಸಾಕುವವರಿಗೆ ಇನ್ನೊಂದು ಚಿಂತೆ ಉಂಟು. ಕೋಳಿಗೆ ಹಲ್ಲಿಲ್ಲ, ಕಾಳನ್ನು ಅರೆಯಲು ಅದು ಸಣ್ಣ ಕಲ್ಲುಗಳನ್ನು ನುಂಗಿ ಜಠರದಲ್ಲಿಟ್ಟುಕೊಳ್ಳುತ್ತದೆ, ನೆಲವನ್ನು ಕೆದಕಿ ತಿನ್ನುವಾಗ ಮಣ್ಣನ್ನೂ ಸೇವಿಸುತ್ತದೆ. ಪೀಣ್ಯದಲ್ಲಿ ಲೋಹಲೇಪನದ ಘಟಕಗಳು ಅನೇಕ. ಅಲ್ಲಿಯ ಅಂತರ್ಜಲದಲ್ಲಿ ವಿಷಕಾರಿಯಾದ ಕ್ರೋಮಿಯಂ ಸೇರಿರುವುದು ದಾಖಲಾದ ಸಂಗತಿ. ಮಣ್ಣಿನಲ್ಲಿ ಸೀಸವಿದ್ದರೆ ಅದು ಹಕ್ಕಿಯ ಮೂಳೆಗೂ ಯಕೃತ್ತಿಗೂ ಮೊಟ್ಟೆಗೂ ಸೇರುತ್ತದೆ. ಹಿತ್ತಿಲಿನದಾದುದರಿಂದಲೇ ಶುದ್ಧವೆಂದು ನಂಬುವ ಹಾಗಿಲ್ಲ. ಬಣ್ಣದ ಕೆರೆತ, ಹಳೆಯ ಬ್ಯಾಟರಿ, ಕಾರ್ಖಾನೆಯ ಚರಂಡಿ ಇರುವ ಕಡೆ ಬಲೆಯ ಆವರಣ ಹಾಕಿ, ಬೇರೆಡೆಯಿಂದ ತಂದ ಮಣ್ಣು ಹರಡಿ, ಸೊಪ್ಪನ್ನು ಕೈಯಾರೆ ಹಾಕುವುದೇ ಕ್ಷೇಮ.

ಇಷ್ಟಾದ ಮೇಲೆ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರುವ ವಿಷಯಕ್ಕೆ ಬರುತ್ತೇನೆ. ಯುಗಾದಿಯ ಮರುದಿನ ನಮ್ಮ ಹಳೆಯ ಮೈಸೂರು ಸೀಮೆಯಲ್ಲಿ ಹೊಸತೊಡಕು. ಅಂದು ಮಾಂಸದ ಊಟವಿಲ್ಲದ ಒಕ್ಕಲಿನ ಮನೆ ವಿರಳ. ದೀಪಾವಳಿಯ ಆಸುಪಾಸಿನಲ್ಲಿ ಒಡೆದ ಮರಿ ಹೊಸತೊಡಕಿಗೆ ಐದು ತಿಂಗಳ ಹುಂಜವಾಗುವುದರಿಂದ, ಸಾಕುವವರು ಆ ಲೆಕ್ಕದಿಂದಲೇ ಹೇಂಟೆಯನ್ನು ಕಾವಿಗಿಡುತ್ತಾರೆ. ಹಬ್ಬದ ಹಿಂದಿನ ದಿನಗಳಲ್ಲಿ ಕೊಳ್ಳಲು ಬಂದವನು ಗುಂಪಿನಲ್ಲಿ ಎಲ್ಲಕ್ಕಿಂತ ಭಾರವಾದ ಹುಂಜವನ್ನು ತೋರಿಸಿ ಹಿಡಿಸಿಕೊಳ್ಳುತ್ತಾನೆ. ಎರಡನೆಯವನು ಉಳಿದವುಗಳಲ್ಲಿ ಭಾರವಾದುದನ್ನು. ಕೊನೆಗೆ ಎಲ್ಲರೂ ಬೇಡವೆಂದ ಕುಳ್ಳ ಹುಂಜವೊಂದು ಹಿತ್ತಿಲಲ್ಲಿ ಉಳಿದು, ಮುಂದಿನ ವರ್ಷದ ಮರಿಗಳೆಲ್ಲಕ್ಕೂ ತಂದೆಯಾಗುತ್ತದೆ. ದೊಡ್ಡ ಮೀನನ್ನೇ ಹಿಡಿಯುತ್ತ ಬಂದುದರಿಂದ ಉತ್ತರ ಅಟ್ಲಾಂಟಿಕ್ ಸಾಗರದ ಕಾಡ್ ಮೀನು ಚಿಕ್ಕ ಗಾತ್ರದಲ್ಲೇ ಪ್ರೌಢವಾಗತೊಡಗಿದ ವಿಷಯವನ್ನು ಜೀವವಿಜ್ಞಾನಿಗಳು ಬಲ್ಲರು. ಅದೇ ನಿಯಮ ಆನೇಕಲ್ಲಿನ ಹಿತ್ತಿಲಿನಲ್ಲಿಯೂ ನಡೆಯುತ್ತದೆ.

ಇದನ್ನು ತಿರುಗಿಸಲು ಸಾಧ್ಯ. ಮೈತೂಕದ ವ್ಯತ್ಯಾಸದಲ್ಲಿ ವಂಶದ ಪಾಲು ನೂರಕ್ಕೆ 40ರಷ್ಟು ಎಂದಿಟ್ಟುಕೊಳ್ಳೋಣ. ಕೋಳಿಯಲ್ಲಿ ಅದು ಆ ಸುಮಾರಿನಲ್ಲೇ ಇರುತ್ತದೆ. ಹನ್ನೆರಡನೆಯ ವಾರದಲ್ಲಿ ಗುಂಪಿನ ಸರಾಸರಿಗಿಂತ 200 ಗ್ರಾಂ ಭಾರವಾದ ತಂದೆತಾಯಿಗಳನ್ನು ಉಳಿಸಿಕೊಂಡರೆ, ಅವುಗಳ ಮರಿಗಳ ಸರಾಸರಿ ಹಿಂದಿನದಕ್ಕಿಂತ ಸುಮಾರು 80 ಗ್ರಾಂ ಮೇಲೇರುತ್ತದೆ. ಹಗುರವಾದವುಗಳನ್ನು ಉಳಿಸಿಕೊಂಡರೆ ಅಷ್ಟೇ ಕೆಳಗಿಳಿಯುತ್ತದೆ. ಹೀಗೆ ನಾಲ್ಕಾರು ಪೀಳಿಗೆ ಇಳಿದ ಮೇಲೆ ನಮ್ಮ ನಾಟಿ ಕೋಳಿ ಬೆಳೆಯುವುದೇ ಇಲ್ಲವೆಂದು ದೂರುವುದರಲ್ಲಿ ಅರ್ಥವಿಲ್ಲ.

ಆದರೆ ಅತ್ಯುತ್ತಮವಾದ ಒಂದೇ ಹುಂಜವನ್ನು ಉಳಿಸಿಕೊಂಡರೆ ಸಾಲದು. ಸ್ಯೂಯಲ್ ರೈಟ್ ಎಂಬ ಅಮೆರಿಕದ ವಿಜ್ಞಾನಿ 1931ರಲ್ಲಿ ಕೊಟ್ಟ ಸೂತ್ರದಂತೆ, ಹುಂಜಗಳ ಸಂಖ್ಯೆಯನ್ನು ಹೇಂಟೆಗಳ ಸಂಖ್ಯೆಯಿಂದ ಗುಣಿಸಿ, ನಾಲ್ಕರಿಂದ ಗುಣಿಸಿ, ಒಟ್ಟು ಸಂಖ್ಯೆಯಿಂದ ಭಾಗಿಸಿದರೆ ಆ ಗುಂಪಿನ ಪರಿಣಾಮಕಾರಿ ಗಾತ್ರ ದೊರೆಯುತ್ತದೆ. ಒಂದು ಹುಂಜ, ಒಂಬತ್ತು ಹೇಂಟೆಗಳ ಹಿಂಡು ಕಣ್ಣಿಗೆ ಹತ್ತಾಗಿ ಕಂಡರೂ ವಂಶದ ಲೆಕ್ಕದಲ್ಲಿ ಕೇವಲ 3.6, ಅಲ್ಲಿ ಪ್ರತಿ ಪೀಳಿಗೆಯೂ ಒಳಸಂಬಂಧವನ್ನು ನೂರಕ್ಕೆ 14ರಷ್ಟು ಹೆಚ್ಚಿಸುತ್ತದೆ. ಅದೇ ಒಂಬತ್ತು ಹೇಂಟೆಗಳಿಗೆ ಮೂರು ಹುಂಜಗಳಿದ್ದರೆ ಆ ಗಾತ್ರ 9ಕ್ಕೇರಿ, ಒಳಸಂಬಂಧದ ಏರಿಕೆ ನೂರಕ್ಕೆ 6ಕ್ಕಿಂತ ಕೆಳಗಿಳಿಯುತ್ತದೆ. ಒಳಸಂಬಂಧ ಹೆಚ್ಚಿದಂತೆ ಮೊಟ್ಟೆಯೊಡೆಯುವ ಪ್ರಮಾಣವೂ ಮರಿಗಳ ಬದುಕುವ ಬಲವೂ ಕುಗ್ಗುತ್ತವೆ. ಹಳ್ಳಿಗಳಲ್ಲಿ ನೆಂಟರ ಊರಿನಿಂದ ಹುಂಜ ತರುತ್ತಿದ್ದುದು, ಹೇಂಟೆಯನ್ನು ಪಾಲಿಗೆ ಕೊಟ್ಟು ಮರಿಗಳನ್ನು ಹಂಚಿಕೊಳ್ಳುತ್ತಿದ್ದುದು ಈ ಅಪಾಯವನ್ನು ಸಹಜವಾಗಿಯೇ ತಗ್ಗಿಸುತ್ತಿದ್ದವು. ಬಡಾವಣೆಗಳ ನಡುವೆ ಒಂಟಿಯಾಗಿ ಉಳಿದ ಇಂದಿನ ಹಿತ್ತಿಲುಗಳಿಗೆ ಆ ನೆಂಟಸ್ತಿಕೆ ತಾನಾಗಿ ಒದಗುವುದಿಲ್ಲ. ಗುಂಜೂರಿನವರು ಸರ್ಜಾಪುರದವರೊಡನೆ, ಇಬ್ಬರೂ ಕೋಲಾರದ ಕಡೆಯ ಘಾಗಸ್ ಸಾಕುವವರೊಡನೆ ವರ್ಷಕ್ಕೊಮ್ಮೆ ಹುಂಜಗಳನ್ನು ಬದಲಿಸಿಕೊಂಡು, ಬಂದ ಹಕ್ಕಿಯನ್ನು ಮೂರು ವಾರ ಪ್ರತ್ಯೇಕವಾಗಿಟ್ಟು, ರೋಗವಿಲ್ಲವೆಂದು ಕಂಡ ಮೇಲೆ ಹಿಂಡಿಗೆ ಬಿಡಬೇಕು.

ಆಯ್ಕೆಯ ಕಾಲ ಹನ್ನೆರಡನೆಯ ವಾರ, ಮಾಘಮಾಸದ ಸುಮಾರಿಗೆ. ಹಬ್ಬದ ಗಿರಾಕಿ ಇನ್ನೂ ಬಾಗಿಲಿಗೆ ಬಂದಿರುವುದಿಲ್ಲ. ಅಂದು ತೂಕದ ಪುಸ್ತಕವನ್ನು ತೆರೆದು, ಬೇರೆ ಬೇರೆ ತಾಯಂದಿರ ಮಕ್ಕಳಾದ, ಭಾರವಾದ, ಕಾಲು ನೆಟ್ಟಗಿರುವ ಮೂರು ಹುಂಜಗಳಿಗೆ ಕೆಂಪು ಉಂಗುರ ತೊಡಿಸಬೇಕು. ಕೆಂಪು ಉಂಗುರದ ಹುಂಜಕ್ಕೆ ಹೊಸತೊಡಕಿನಂದು ಎಷ್ಟೇ ಹಣ ಕೊಟ್ಟರೂ ಅದು ಮಾರಾಟಕ್ಕಿಲ್ಲ.